ಟ್ರಯಂಫ್ ಹರ್ಡಲ್: ನಾಲ್ಕು ವರ್ಷದ ಕುದುರೆಯ ಮುಂದೆ ಎಂಟು ತಡೆ

ಬೆಂಗಳೂರಿನ ರೇಸ್ ಕೋರ್ಸ್‌ನಲ್ಲಿ ನಡೆಯುವುದು ಫ್ಲಾಟ್ ರೇಸ್. ಅಂದ್ರೆ ದಾರಿಯಲ್ಲಿ ಯಾವ ತಡೆಯೂ ಇರಲ್ಲ. ಬ್ರಿಟನ್ನಿನಲ್ಲಿ ತಡೆಗಳನ್ನು ಹಾರಿ ಓಡುವ ಜಂಪ್ ರೇಸಿಂಗ್ ಕೂಡ ಅಷ್ಟೇ ಜನಪ್ರಿಯ. ಅದರಲ್ಲಿ ಎಳೆಯ ಕುದುರೆಗಳಿಗೆ ಮೀಸಲಾದ ಅತಿ ಪ್ರತಿಷ್ಠಿತ ಓಟವೇ ಟ್ರಯಂಫ್ ಹರ್ಡಲ್.

ಏನಿದು ಓಟ?

ಇಂಗ್ಲೆಂಡಿನ ಚೆಲ್ಟನಮ್‌ನಲ್ಲಿ ಪ್ರತಿ ಮಾರ್ಚ್‌ನಲ್ಲಿ ನಡೆಯುವ ರೇಸ್ ಉತ್ಸವದ ಕೊನೆಯ ದಿನ ಇದರ ಸರದಿ. ದೂರ ಸುಮಾರು 3.4 ಕಿ.ಮೀ., ಹಾರಬೇಕಾದ ಹರ್ಡಲ್‌ಗಳು 8. ಒಂದೊಂದೂ ಕನಿಷ್ಠ ಮೂರೂವರೆ ಅಡಿ ಎತ್ತರ. ನಾಲ್ಕು ವರ್ಷದ ಕುದುರೆಗಳಿಗೆ ಮಾತ್ರ ಅವಕಾಶ.

ಈ ವಯಸ್ಸಿನ ಲೆಕ್ಕದಲ್ಲೂ ಒಂದು ತಿರುವಿದೆ. ಅಲ್ಲಿನ ರೇಸ್ ಕುದುರೆಗಳಿಗೆಲ್ಲ ಜನವರಿ 1ರಂದೇ ಹುಟ್ಟುಹಬ್ಬ. ಹಾಗಾಗಿ ಮೇ ತಿಂಗಳಲ್ಲಿ ಹುಟ್ಟಿದ ಕುದುರೆ ಚೆಲ್ಟನಮ್‌ಗೆ ಬರುವಾಗ ಅದಕ್ಕೆ ನಿಜವಾಗಿ ನಾಲ್ಕು ತುಂಬಿರುವುದೇ ಇಲ್ಲ.

ಶುರುವಾಗಿದ್ದು ಯಾವಾಗ?

1939ರಲ್ಲಿ, ಹರ್ಸ್ಟ್ ಪಾರ್ಕ್ ಎಂಬ ಮೈದಾನದಲ್ಲಿ. 1962ರಲ್ಲಿ ಆ ಮೈದಾನ ಮುಚ್ಚಿತು. 1965ರಲ್ಲಿ ಓಟ ಚೆಲ್ಟನಮ್‌ಗೆ ಬಂತು, 1968ರಲ್ಲಿ ಉತ್ಸವದ ಭಾಗವಾಯ್ತು.

ಗೆದ್ದವರು ಮುಂದೇನಾದರು?

1967ರಲ್ಲಿ ಗೆದ್ದ ಪರ್ಷಿಯನ್ ವಾರ್, ಮುಂದಿನ ಮೂರೂ ವರ್ಷ ಚಾಂಪಿಯನ್ ಹರ್ಡಲ್ ಗೆದ್ದಿತು. 2014ರ ವಿಜೇತ ಟೈಗರ್ ರೋಲ್, 2018 ಮತ್ತು 2019ರಲ್ಲಿ ಗ್ರ್ಯಾಂಡ್ ನ್ಯಾಷನಲ್ ಗೆದ್ದು ಮನೆಮಾತಾಯ್ತು. 2025ರಲ್ಲಂತೂ ಪೊನಿರೋಸ್ ತನ್ನ ಮೊಟ್ಟಮೊದಲ ಹರ್ಡಲ್ ಓಟದಲ್ಲೇ ಗೆದ್ದುಬಿಟ್ಟಿತು! ಅದರ ಮೇಲೆ ಬುಕ್ಕಿಗಳು ಕೊಟ್ಟಿದ್ದ ದರ ಒಂದಕ್ಕೆ ನೂರು.

ಇನ್ನೊಂದು ಮುಖವೂ ಇದೆ. 2013ರಲ್ಲಿ ಅವರ್ ಕಾನರ್ ಎಂಬ ಕುದುರೆ ಎಲ್ಲರನ್ನೂ 15 ಲೆಂತ್ ಹಿಂದೆ ಬಿಟ್ಟು ಗೆದ್ದಿತ್ತು. ಮರುವರ್ಷ ಅದೇ ಚೆಲ್ಟನಮ್‌ನಲ್ಲಿ, ಚಾಂಪಿಯನ್ ಹರ್ಡಲ್ ಓಟದಲ್ಲಿ ಬಿತ್ತು. ಪೆಟ್ಟು ಎಷ್ಟು ಗಂಭೀರವಾಗಿತ್ತೆಂದರೆ ದಯಾಮರಣ ಕೊಡಬೇಕಾಯ್ತು.

ಏನು ಬದಲಾಗಿದೆ?

ಮೊದಲು ತಡೆಗಳ ಮೇಲೆ ಕಿತ್ತಳೆ ಬಣ್ಣ ಇರ್ತಿತ್ತು. ನಮ್ಮ ಕಣ್ಣಿಗೆ ಅದು ಎದ್ದು ಕಾಣುತ್ತೆ. ಆದರೆ ಕುದುರೆಗೆ ಹಸಿರು ಹುಲ್ಲಿಗೂ ಕಿತ್ತಳೆಗೂ ಅಂಥ ವ್ಯತ್ಯಾಸ ಕಾಣಲ್ಲ. ಎಕ್ಸೆಟರ್ ವಿಶ್ವವಿದ್ಯಾಲಯದ ಸಂಶೋಧನೆಯ ನಂತರ ಆ ಗುರುತುಗಳನ್ನು ಬಿಳಿ ಮಾಡಲಾಯಿತು. ಒಳ್ಳೆಯ ಬದಲಾವಣೆಯೇ. ಆದರೆ ಯೋಚಿಸಿ, ಹಾರುವುದು ಕುದುರೆ. ಬಣ್ಣವನ್ನು ಮಾತ್ರ ಇಷ್ಟು ಕಾಲ ಮನುಷ್ಯರ ಕಣ್ಣಿಗೆ ತಕ್ಕಂತೆ ಬಳಿಯಲಾಗಿತ್ತು.

ಓಟ ನಿಲ್ಲಿಸಿ ಅನ್ನುವವರೂ ಇದ್ದಾರೆ, ಇದು ಪರಂಪರೆ ಅನ್ನುವವರೂ ಇದ್ದಾರೆ. ಯಾರ ಪರ ನಿಂತರೂ, ವಿಜೇತರ ಪಟ್ಟಿಯನ್ನಷ್ಟೇ ಓದಿ ಸುಮ್ಮನಾಗಬೇಡಿ. ಪ್ರತಿ ಹೆಸರಿನ ಮುಂದೆಯೂ ಒಂದು ಪ್ರಶ್ನೆ ಕೇಳಿ: ಆಮೇಲೆ ಈ ಕುದುರೆ ಏನಾಯ್ತು?