ಬೆಂಗಳೂರಿನ ಪುರಪಿತೃಗಳು

ನಗರಸಭೆಯ ಸದಸ್ಯರನ್ನು ಹಿಂದಿನ ಪತ್ರಿಕೆಗಳು ‘ಪುರಪಿತೃಗಳು’ ಎಂದು ಕರೆಯುತ್ತಿದ್ದವು. ಶಬ್ದವೇನೋ ಗಂಭೀರವಾದುದು, ಆದರೆ ಬರೆದವರು ಎಷ್ಟೋ ವೇಳೆ ತುಟಿಯಂಚಿನಲ್ಲಿ ನಗುತ್ತಲೇ ಅದನ್ನು ಬರೆಯುತ್ತಿದ್ದರು. ಬೀದಿಯ ದೀಪ ಆರಿದಾಗ, ನಲ್ಲಿಯಲ್ಲಿ ನೀರು ಬಾರದಾಗ, ಚರಂಡಿ ಕಟ್ಟಿಕೊಂಡಾಗ ಪುರಪಿತೃಗಳ ನೆನಪಾಗುತ್ತದೆ. ಎಲ್ಲವೂ ಸರಿಯಾಗಿ ನಡೆಯುವಾಗ ಅವರು ಯಾರೆಂದು ಕೇಳುವವರೇ ಇಲ್ಲ. ಈ ತಂದೆತನ ಅವರಿಗೆ ಎಲ್ಲಿಂದ ಬಂತು? ಯಾರು ಕೊಟ್ಟರು? ಎಷ್ಟು ಅಧಿಕಾರದೊಡನೆ ಕೊಟ್ಟರು? ಬೆಂಗಳೂರಿನ ಇತಿಹಾಸವನ್ನು ಈ ಪ್ರಶ್ನೆಗಳ ಬೆಳಕಿನಲ್ಲಿ ನೋಡಿದರೆ, ಬೆಳೆಯುವ ಊರಿಗೂ ಅದನ್ನು ಆಳುವವರಿಗೂ ಇರುವ ಸಂಬಂಧ ಸ್ಪಷ್ಟವಾಗುತ್ತದೆ.

ಊರಿನ ಕಾರ್ಯವನ್ನು ಊರವರೇ ನೋಡಿಕೊಳ್ಳುವುದು ಕನ್ನಡನಾಡಿಗೆ ಹೊಸದಲ್ಲ. ನಮ್ಮ ಶಾಸನಗಳಲ್ಲಿ ಅಗ್ರಹಾರದ ಮಹಾಜನರು, ವರ್ತಕರ ನಖರ, ಇವರ ಜೊತೆಗೆ ‘ಪಟ್ಟಣಸ್ವಾಮಿ’ ಎಂಬ ಹೆಸರು ಮತ್ತೆ ಮತ್ತೆ ಕಾಣುತ್ತದೆ. ಹನ್ನೊಂದನೆಯ ಶತಮಾನದಲ್ಲಿ ಸಾಂತರರ ಹೊಂಬುಜದಲ್ಲಿದ್ದ ಪಟ್ಟಣಸ್ವಾಮಿ ನೊಕ್ಕಯ್ಯನ ಹೆಸರು ಇಂದಿಗೂ ಅಲ್ಲಿಯ ಶಾಸನಗಳಲ್ಲಿ ಉಳಿದಿದೆ. ಪಟ್ಟಣಸ್ವಾಮಿ ವರ್ತಕರ ಮುಖ್ಯಸ್ಥ. ಸಂತೆ, ಸುಂಕ, ದಾನಧರ್ಮ ಇವುಗಳಲ್ಲಿ ಪಟ್ಟಣದ ಪರವಾಗಿ ಮಾತನಾಡುವವನು. ಅವನ ಅಧಿಕಾರಕ್ಕೆ ಮತಪತ್ರದ ಆಧಾರವಿರಲಿಲ್ಲ. ಅವನ ಕುಲ, ಸಂಪತ್ತು, ದಾನ ಇವೇ ಅದಕ್ಕೆ ಆಧಾರ. ಈ ಮಾತನ್ನು ನೆನಪಿಟ್ಟುಕೊಂಡರೆ ಮುಂದಿನ ಬದಲಾವಣೆ ಎಷ್ಟು ದೊಡ್ಡದೆಂಬುದು ತಿಳಿಯುತ್ತದೆ.

ಯಲಹಂಕದ ಕೆಂಪೇಗೌಡನು 1537ರಲ್ಲಿ ಬೆಂಗಳೂರಿನ ಕೋಟೆಪೇಟೆಗಳಿಗೆ ಅಸ್ತಿಭಾರ ಹಾಕಿದನೆಂದು ಹೇಳುವುದು ರೂಢಿ. ಪೇಟೆಯ ಬೀದಿಗಳ ಹೆಸರನ್ನು ಓದಿದರೆ ಸಾಕು, ಅದರ ಆಡಳಿತದ ಸ್ವರೂಪ ಅರ್ಥವಾಗುತ್ತದೆ. ಅಕ್ಕಿಪೇಟೆ, ರಾಗಿಪೇಟೆ, ಬಳೇಪೇಟೆಗಳು ಸರಕಿನ ಹೆಸರು ಹೊತ್ತಿವೆ. ಕುಂಬಾರಪೇಟೆ, ಗಾಣಿಗರಪೇಟೆ, ತಿಗಳರಪೇಟೆ, ಉಪ್ಪಾರಪೇಟೆಗಳು ಕಸಬಿನ, ಕುಲದ ಹೆಸರು ಹೊತ್ತಿವೆ. ಒಂದೊಂದು ಕುಲಕ್ಕೂ ಒಬ್ಬೊಬ್ಬ ಯಜಮಾನ. ಜಗಳ ಬಂದರೆ ತೀರ್ಮಾನ ಹೇಳುವವನು ಅವನೇ, ಕರಗವೋ ಜಾತ್ರೆಯೋ ಬಂದರೆ ಮುಂದೆ ನಿಂತು ನಡೆಸುವವನೂ ಅವನೇ. ಕುಡಿಯುವ ನೀರಿಗೆ ಬಾವಿಗಳು, ಧರ್ಮಾಂಬುಧಿ, ಸಂಪಂಗಿ ಮೊದಲಾದ ಕೆರೆಗಳು. ಆ ಧರ್ಮಾಂಬುಧಿಯ ಅಂಗಳದಲ್ಲಿ ಈಗ ಬಸ್ಸುಗಳು ನಿಲ್ಲುತ್ತವೆ. ಸಂಪಂಗಿಯ ಅಂಗಳದಲ್ಲಿ ಕಂಠೀರವ ಕ್ರೀಡಾಂಗಣವಿದೆ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ, 1809ರಲ್ಲಿ ಇಂಗ್ಲಿಷರ ಸೇನೆ ಅಲ್ಲಿಂದ ಬೆಂಗಳೂರಿಗೆ ಬಂದು ನೆಲೆಸಿತು. ಹಲಸೂರಿನ ಕಡೆ ದಂಡು ಬೆಳೆಯಿತು. ಅಂದಿನಿಂದ ಬೆಂಗಳೂರು ಒಂದು ಹೆಸರಿನ ಎರಡು ಊರಾಯಿತು. ಪಶ್ಚಿಮದಲ್ಲಿ ಪೇಟೆ, ಅಲ್ಲಿ ಕನ್ನಡ, ತೆಲುಗು, ಕಿರಿದಾದ ಓಣಿ, ಮಗ್ಗ ಮತ್ತು ಅಂಗಡಿ. ಪೂರ್ವದಲ್ಲಿ ದಂಡು, ಅಲ್ಲಿ ತಮಿಳು, ಉರ್ದು, ಇಂಗ್ಲಿಷು, ಅಗಲವಾದ ರಸ್ತೆ, ಬಂಗಲೆ, ಪರೇಡು ಮೈದಾನ. ನಡುವೆ ಬಯಲು, ತೋಟ.

ಇಂದಿನ ಪೌರಾಡಳಿತದ ಜನ್ಮದಿನವೆಂದು ಹೇಳಬಹುದಾದುದು 1862ರ ಮಾರ್ಚ್ 27. ಪಟ್ಟಣಗಳ ಸುಧಾರಣೆಗಾಗಿ ಮಾಡಿದ್ದ 1850ರ ಕಾಯಿದೆಯ ಮೇರೆಗೆ ಅಂದು ಪೇಟೆಯ ಒಂಬತ್ತು ಮಂದಿ ಮುಖಂಡರು ಸೇರಿ ಒಂದು ಮುನಿಸಿಪಲ್ ಮಂಡಲಿಯಾಯಿತು. ಅಂಥದೇ ಇನ್ನೊಂದು ಮಂಡಲಿ ದಂಡಿನಲ್ಲಿಯೂ ಏರ್ಪಟ್ಟಿತು. 1881ರಲ್ಲಿ ಮೈಸೂರು ಸಂಸ್ಥಾನ ಚಾಮರಾಜೇಂದ್ರ ಒಡೆಯರಿಗೆ ಮರಳಿ ಬಂತು. ದಂಡು ಮಾತ್ರ ಇಂಗ್ಲಿಷ್ ರೆಸಿಡೆಂಟರ ಕೈಯಲ್ಲಿ ಉಳಿಯಿತು. ಎರಡು ಮಂಡಲಿಗಳೂ ಆಗ ಎರಡು ಬೇರೆ ಬೇರೆ ಮುನಿಸಿಪಾಲಿಟಿಗಳಾದವು. ಮರುವರ್ಷ, 1882ರಲ್ಲಿ, ಸದಸ್ಯರಲ್ಲಿ ಅರ್ಧದಷ್ಟು ಮಂದಿಯನ್ನು ಚುನಾಯಿಸಲು ಅವಕಾಶವಾಯಿತು. ಮನೆಗಂದಾಯವೂ ಅದೇ ವರ್ಷ ಬಂತು.

ಈ ಎರಡು ಸಂಗತಿಗಳು ಒಂದೇ ವರ್ಷದಲ್ಲಿ ಬಂದುದು ಗಮನಿಸತಕ್ಕದ್ದು. ಹಣ ಕೊಡುವವನಿಗೆ ಕೇಳುವ ಹಕ್ಕು ಬರುತ್ತದೆ. ಕೇಳುವ ಹಕ್ಕಿರುವವನು ಹಣ ಕೊಡಲು ಒಪ್ಪುತ್ತಾನೆ. ಮತದ ಹಕ್ಕು ಆಗ ಎಲ್ಲರಿಗೂ ಇರಲಿಲ್ಲ ನಿಜ. ಉಳ್ಳವರ ಸಣ್ಣದೊಂದು ಗುಂಪಿಗೆ ಮಾತ್ರ ಇತ್ತು. ಆದರೂ ಪಟ್ಟಣಸ್ವಾಮಿಯ ಕಾಲದಿಂದ ಇಲ್ಲಿಗೆ ದೊಡ್ಡ ಹೆಜ್ಜೆ ಬಿತ್ತು. ಹಿಂದಿನ ಮುಖಂಡ ತನ್ನ ಕೈಯಿಂದ ಕೊಡುತ್ತಿದ್ದ. ಊರು ಕೃತಜ್ಞತೆಯಿಂದ ತೆಗೆದುಕೊಳ್ಳುತ್ತಿತ್ತು. ಹೊಸ ಮುಖಂಡ ಊರಿನಿಂದ ತೆಗೆದುಕೊಂಡು ಊರಿಗೇ ಖರ್ಚುಮಾಡುವವನು. ಅವನು ಲೆಕ್ಕ ಒಪ್ಪಿಸಬೇಕು.

ದಾನಿಗಳ ಪರಂಪರೆಯೇನೂ ಅಷ್ಟಕ್ಕೇ ನಿಲ್ಲಲಿಲ್ಲ. ವೀಳೆಯದೆಲೆಯ ವ್ಯಾಪಾರದಿಂದ ಹೆಸರಾದ ಎಲೆ ಮಲ್ಲಪ್ಪಶೆಟ್ಟರು ಕೆರೆ ಕಟ್ಟಿಸಿದರು. ದಂಡಿನಲ್ಲಿ ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರರು ಶಾಲೆ ತೆರೆದರು. ಗುಬ್ಬಿ ತೋಟದಪ್ಪನವರು ರೈಲು ನಿಲ್ದಾಣದ ಬಳಿ ಛತ್ರ ಕಟ್ಟಿಸಿ ಪರಊರಿನ ಪ್ರಯಾಣಿಕರಿಗೂ ವಿದ್ಯಾರ್ಥಿಗಳಿಗೂ ನೆರಳಾದರು. ದೊಡ್ಡಣ್ಣಶೆಟ್ಟರಿಗೆ ಜನರು ಇಟ್ಟ ಬಿರುದೇ ‘ಜನೋಪಕಾರಿ’. ಇವರ ಉಪಕಾರವನ್ನು ಮರೆಯುವವನು ಕೃತಘ್ನ. ಆದರೆ ಛತ್ರವನ್ನು ಒಬ್ಬ ಪುಣ್ಯವಂತ ಕಟ್ಟಿಸಬಹುದು. ಊರಿಗೆಲ್ಲ ಒಳಚರಂಡಿಯನ್ನು ಒಬ್ಬನ ಪುಣ್ಯದಿಂದ ಹಾಕಲಾಗದು. ಜನ ಲಕ್ಷಕ್ಕೆ ಏರಿದಾಗ ದಾನಕ್ಕಿಂತ ದೊಡ್ಡದಾದ ಏರ್ಪಾಡು ಬೇಕಾಗುತ್ತದೆ.

ಆ ಬೇಕನ್ನು ಮೊದಲು ತೋರಿಸಿದ್ದು ನೀರು. ಕೆರೆಬಾವಿಗಳ ನೀರು ಸಾಲದಾದಾಗ, ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಅರ್ಕಾವತಿಯ ಹೆಸರಘಟ್ಟದ ಕೆರೆಯಿಂದ ನೀರು ತರುವ ಕೆಲಸ ನಡೆಯಿತು. ಸೋಲದೇವನಹಳ್ಳಿಯಲ್ಲಿ ಉಗಿಯಂತ್ರಗಳು ನೀರನ್ನು ಮೇಲೆತ್ತಿದವು. 1896ರಲ್ಲಿ ಬೆಂಗಳೂರಿನವರು ಕೊಳಾಯಿಯ ನೀರು ಕಂಡರು.

ಎರಡೇ ವರ್ಷದಲ್ಲಿ, 1898ರ ಆಗಸ್ಟಿನಲ್ಲಿ, ಪ್ಲೇಗು ಬಂತು. ಆ ಮಾರಿಯ ಹೊಡೆತವನ್ನು ಜನಗಣತಿಯೇ ಹೇಳುತ್ತದೆ. 1891ರಲ್ಲಿ ಪೇಟೆ ಮತ್ತು ದಂಡು ಸೇರಿ 1,80,366 ಜನರಿದ್ದರು. 1901ರಲ್ಲಿ ಉಳಿದವರು 1,59,046. ಸತ್ತವರೆಷ್ಟೋ, ಊರು ಬಿಟ್ಟವರೆಷ್ಟೋ. ಪೇಟೆಯ ಗಾಳಿಬೆಳಕಿಲ್ಲದ ಓಣಿಗಳು ಆಗ ಎಲ್ಲರ ಕಣ್ಣಿಗೆ ಬಿದ್ದವು. ಬಸವನಗುಡಿ ಮತ್ತು ಮಲ್ಲೇಶ್ವರದ ಬಡಾವಣೆಗಳಿಗೆ ಜನ ಹೋಗಿ ಮನೆ ಕಟ್ಟಿದರು. ಆರೋಗ್ಯಾಧಿಕಾರಿಗಳ ನೇಮಕವಾಯಿತು. ಕೆಲಸಕ್ಕೆ ಅನುಕೂಲವಾಗಲೆಂದು ದೂರವಾಣಿಯ ತಂತಿ ಎಳೆದರು. 1900ರಲ್ಲಿ ವಿಕ್ಟೋರಿಯಾ ಆಸ್ಪತ್ರೆ ತೆರೆಯಿತು.

ಪ್ಲೇಗಿನ ಕಾಲ ಇನ್ನೊಂದು ಪಾಠವನ್ನೂ ಕಲಿಸಿತು. ಅಧಿಕಾರಿಗಳು ಒಳ್ಳೆಯ ಉದ್ದೇಶದಿಂದಲೇ ಮನೆಮನೆ ಶೋಧಿಸಿದರು, ರೋಗಿಗಳನ್ನು ಬೇರ್ಪಡಿಸಿದರು. ಜನ ಹೆದರಿ ರೋಗಿಗಳನ್ನೇ ಬಚ್ಚಿಟ್ಟರು. ಆಜ್ಞೆ ಸರಿಯಾಗಿದ್ದರೆ ಸಾಲದು. ಆಜ್ಞೆ ಹೇಳುವವನು ತನ್ನವನೆಂಬ ನಂಬಿಕೆ ಬೇಕು. ಊರಿಗೆ ತನ್ನದೇ ಪ್ರತಿನಿಧಿಗಳು ಏಕೆ ಬೇಕೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ. ಔಷಧ ತರುವುದು ಸರ್ಕಾರದ ಶಕ್ತಿ. ಬಾಗಿಲು ತೆರೆಸುವುದು ನೆರೆಯವನ ಶಕ್ತಿ.

ಮುಂದಿನ ದಶಕಗಳಲ್ಲಿ ಈ ನೆರೆಯವನಿಗೆ ಸ್ವಲ್ಪಸ್ವಲ್ಪವಾಗಿ ಅಧಿಕಾರ ಬಂತು. ಶಿವನಸಮುದ್ರದ ವಿದ್ಯುತ್ತಿನಿಂದ 1905ರಲ್ಲಿ ಬೀದಿಗಳು ಬೆಳಗಿದವು. 1913ರಲ್ಲಿ ಗೌರವಾಧ್ಯಕ್ಷರ ನೇಮಕ, ಏಳು ವರ್ಷಗಳ ಮೇಲೆ ಆ ಪದವಿಗೂ ಚುನಾವಣೆ. ಪೇಟೆಯ ಮುನಿಸಿಪಾಲಿಟಿಯ ಅಧ್ಯಕ್ಷರಾಗಿದ್ದ ಸರ್ ಕೆ. ಪಿ. ಪುಟ್ಟಣ್ಣಚೆಟ್ಟಿಯವರ ಹೆಸರನ್ನು 1935ರಲ್ಲಿ ತೆರೆದ ಪುರಭವನ ಇಂದಿಗೂ ಹೊತ್ತಿದೆ. ಆ ಎತ್ತರದ ಮೆಟ್ಟಿಲುಗಳನ್ನು ಹತ್ತಿ ನಾಟಕಕ್ಕೋ ಸಂಗೀತಕ್ಕೋ ಹೋದವರು ವಾಚಕರಲ್ಲಿ ಬಹಳ ಮಂದಿ ಇರಬಹುದು. ಅದು ಮೂಲತಃ ಪುರದ ಭವನ, ಪೌರರ ಮನೆ ಎಂಬುದು ಹೆಸರಿನಲ್ಲಿಯೇ ಇದೆ.

ಅದೇ ಕಾಲದಲ್ಲಿ ದೇಶದ ಇತರ ನಗರಗಳಲ್ಲಿ ಏನು ನಡೆಯುತ್ತಿತ್ತೆಂಬುದನ್ನೂ ನೋಡಬೇಕು. ಚಕ್ರವರ್ತಿ ರಾಜಗೋಪಾಲಾಚಾರ್ಯರು ಸೇಲಂ ಮುನಿಸಿಪಾಲಿಟಿಯ ಅಧ್ಯಕ್ಷರಾಗಿದ್ದರು. ಚಿತ್ತರಂಜನ ದಾಸರು 1924ರಲ್ಲಿ ಕಲ್ಕತ್ತೆಯ ಮೇಯರಾದರು. ಅದೇ ವರ್ಷ ವಲ್ಲಭಭಾಯಿ ಪಟೇಲರು ಅಹಮದಾಬಾದಿನ ಅಧ್ಯಕ್ಷರಾಗಿ 1928ರವರೆಗೆ ಚರಂಡಿ, ನೀರು, ಕಸಗಳ ಕೆಲಸ ನೋಡಿಕೊಂಡರು. ಜವಾಹರಲಾಲ್ ನೆಹರೂ ಅಲಹಾಬಾದಿನಲ್ಲಿ ಅದೇ ಕೆಲಸ ಮಾಡಿದರು. ದೇಶವನ್ನು ಆಳುವ ವಿದ್ಯೆಯ ಓನಾಮವನ್ನು ಇವರು ಊರಿನ ಬೀದಿಯಲ್ಲಿ ತಿದ್ದಿದರು. ಚರಂಡಿಯ ವಿಷಯ ಸಣ್ಣದೆಂದು ಅವರಿಗೆ ತೋರಲಿಲ್ಲ.

ಸ್ವಾತಂತ್ರ್ಯದ ಹೊಸ್ತಿಲಿನಲ್ಲಿ, 1947ರ ಜುಲೈ 26ರಂದು, ದಂಡು ಮೈಸೂರು ಸಂಸ್ಥಾನಕ್ಕೆ ಮರಳಿತು. ಕೆ. ಚೆಂಗಲರಾಯ ರೆಡ್ಡಿಯವರು ಮುಖ್ಯಮಂತ್ರಿಗಳಾಗಿದ್ದಾಗ, 1949ರ ಡಿಸೆಂಬರಿನಲ್ಲಿ, ಎರಡು ಮುನಿಸಿಪಾಲಿಟಿಗಳೂ ಕೂಡಿ ಬೆಂಗಳೂರು ನಗರ ಕಾರ್ಪೊರೇಷನ್ ಆಯಿತು. ಐವತ್ತು ವಿಭಾಗಗಳು, ಎಪ್ಪತ್ತು ಚುನಾಯಿತ ಸದಸ್ಯರು. ಆರ್. ಸುಬ್ಬಣ್ಣನವರು ಮೊದಲನೆಯ ಮೇಯರು. ನೂರನಲವತ್ತು ವರ್ಷ ಬೇರೆಬೇರೆಯಾಗಿ ಬಾಳಿದ ಪೇಟೆಯೂ ದಂಡೂ ಒಂದೇ ಸಭೆಯಲ್ಲಿ ಕುಳಿತವು.

ಆದರೆ ಊರು ಆಗಲೇ ಸಭೆಯ ಅಳತೆ ಮೀರಿ ಬೆಳೆಯುತ್ತಿತ್ತು. 1941ರಲ್ಲಿ ನಾಲ್ಕು ಲಕ್ಷದ ಆಸುಪಾಸಿನಲ್ಲಿದ್ದ ಜನಸಂಖ್ಯೆ 1951ರಲ್ಲಿ 7,78,977 ಆಯಿತು. ವಿಮಾನದ ಕಾರ್ಖಾನೆ, ದೂರವಾಣಿಯ ಕಾರ್ಖಾನೆ, ಗಡಿಯಾರದ ಕಾರ್ಖಾನೆ ಇವುಗಳ ಹಿಂದೆ ಜನ ಬಂದರು. ಭಾರ ಹೆಚ್ಚಿದಂತೆ ಹೆಗಲು ಗಟ್ಟಿಯಾಗಬೇಕಿತ್ತು. ಆದದ್ದು ಬೇರೆ. ಬಡಾವಣೆಗಳ ಕೆಲಸ 1945ರಲ್ಲಿಯೇ ನಗರ ಸುಧಾರಣಾ ಮಂಡಲಿಗೆ ಹೋಗಿತ್ತು. 1976ರಲ್ಲಿ ಅದರ ಸ್ಥಾನಕ್ಕೆ ಅಭಿವೃದ್ಧಿ ಪ್ರಾಧಿಕಾರ ಬಂತು. ನೀರು ಮತ್ತು ಒಳಚರಂಡಿಗೆ 1964ರಲ್ಲಿ ಪ್ರತ್ಯೇಕ ಮಂಡಲಿಯಾಯಿತು. ಆ ಮಂಡಲಿ 1974ರಲ್ಲಿ ಕಾವೇರಿಯನ್ನು ತಂದು ಊರಿನ ಬಾಯಾರಿಕೆ ನೀಗಿಸಿದ್ದು ದೊಡ್ಡ ಸಾಧನೆಯೇ. ಪ್ರತಿಯೊಂದು ಏರ್ಪಾಡಿಗೂ ಕಾರಣವಿತ್ತು: ಹಣ ಬೇಕು, ತಜ್ಞರು ಬೇಕು, ಶೀಘ್ರ ಬೇಕು. ಆದರೆ ಒಟ್ಟು ಪರಿಣಾಮವೇನು? ಪುರಪಿತೃಗಳು ಹೆಸರಿಗೆ ತಂದೆಯರು. ಮನೆಯ ಬೀಗದಕೈಗಳು ಬೇರೆಯವರ ಸೊಂಟದಲ್ಲಿ. ಮೇಯರ ಪದವಿಯಾದರೋ ಒಂದು ವರ್ಷದ್ದು. ಕಡತಗಳ ಪರಿಚಯ ಆಗುವಷ್ಟರಲ್ಲಿ ಬೀಳ್ಕೊಡುಗೆಯ ಹಾರ ಸಿದ್ಧವಾಗಿರುತ್ತಿತ್ತು.

ಸಂವಿಧಾನದ 74ನೆಯ ತಿದ್ದುಪಡಿ 1993ರಲ್ಲಿ ಜಾರಿಗೆ ಬಂದು, ನಗರಸಭೆಗಳಿಗೆ ವಹಿಸಬಹುದಾದ 18 ವಿಷಯಗಳನ್ನು ಪಟ್ಟಿಮಾಡಿತು. ವಾರ್ಡು ಸಮಿತಿಗಳ ಮಾತನ್ನೂ ಆಡಿತು. 2007ರಲ್ಲಿ ಸುತ್ತಲಿನ 7 ನಗರಸಭೆ, 1 ಪುರಸಭೆ ಮತ್ತು ನೂರಕ್ಕೂ ಹೆಚ್ಚು ಹಳ್ಳಿಗಳನ್ನು ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯನ್ನು ಮಾಡಿದರು. 2011ರ ಗಣತಿಯಲ್ಲಿ ಅದರ ಜನಸಂಖ್ಯೆ 84 ಲಕ್ಷ ದಾಟಿತ್ತು. 198 ವಾರ್ಡುಗಳಿಗೆ 2010ರಲ್ಲಿ, ಮತ್ತೆ 2015ರಲ್ಲಿ ಚುನಾವಣೆ ನಡೆಯಿತು. 2020ರ ಸೆಪ್ಟೆಂಬರಿನಲ್ಲಿ ಸಭೆಯ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ಆಗಲಿಲ್ಲ. ಆಡಳಿತಾಧಿಕಾರಿಗಳು ಊರನ್ನು ನೋಡಿಕೊಂಡರು. 2025ರ ಸೆಪ್ಟೆಂಬರಿನಲ್ಲಿ ಆ ಪಾಲಿಕೆಯನ್ನು ಐದು ನಗರಪಾಲಿಕೆಗಳಾಗಿ ವಿಂಗಡಿಸಿ, ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರವನ್ನು ಇರಿಸಲಾಯಿತು. ಎರಡಾಗಿದ್ದದ್ದು ಒಂದಾಗಿ, ಒಂದಾದದ್ದು ಐದಾಯಿತು.

ಅಧಿಕಾರಿಗಳ ಕೈಯಲ್ಲಿದ್ದರೆ ಕೆಲಸ ಬೇಗ, ಸದಸ್ಯರ ಕೈಗೆ ಹೋದರೆ ಕಚ್ಚಾಟ ಎಂದು ಹೇಳುವವರಿದ್ದಾರೆ. ಈ ಮಾತನ್ನು ತಳ್ಳಿಹಾಕುವಂತಿಲ್ಲ. ಹೆಸರಘಟ್ಟದ ನೀರೂ ಶಿವನಸಮುದ್ರದ ಬೆಳಕೂ ದಿವಾನರ, ಎಂಜಿನಿಯರರ ದೂರದೃಷ್ಟಿಯಿಂದ ಬಂದವು, ಮತದಾನದಿಂದ ಬಂದವಲ್ಲ. ಆದರೆ ಶೇಷಾದ್ರಿ ಅಯ್ಯರ್ ಅವರಂಥವರು ಪ್ರತಿ ತಲೆಮಾರಿಗೂ ದೊರೆಯುವುದಿಲ್ಲ. ದೊರೆಯದಾಗ ಕೇಳುವವರು ಯಾರು? ದಕ್ಷ ಅಧಿಕಾರಿ ವರ್ಗವಾಗಿ ಹೋಗುತ್ತಾನೆ. ಸದಸ್ಯ ಅದೇ ಬೀದಿಯಲ್ಲಿ ವಾಸವಾಗಿರುತ್ತಾನೆ, ಐದು ವರ್ಷಕ್ಕೊಮ್ಮೆ ಬಾಗಿಲಿಗೆ ಬರಲೇಬೇಕಾಗುತ್ತದೆ. ಅವನು ತಪ್ಪಿದರೆ ಬದಲಾಯಿಸುವ ಉಪಾಯ ನಮ್ಮ ಬೆರಳಿನಲ್ಲಿದೆ. ಆ ಉಪಾಯವನ್ನು ನಾವು ಉಪಯೋಗಿಸದೆ, ಮತದಾನದ ದಿನವನ್ನು ಬಿಡುವಿನ ದಿನವೆಂದು ಭಾವಿಸಿ, ಆಮೇಲೆ ಪುರಪಿತೃಗಳನ್ನು ಹಳಿದರೆ ನ್ಯಾಯವಾಗದು.

ಪೌರನೀತಿಯ ಪಾಠ ಬಂದಾಗ ನಾನು ಮಕ್ಕಳಿಗೆ ವ್ಯಾಕರಣವನ್ನೂ ಸ್ವಲ್ಪ ಸೇರಿಸಿ ಹೇಳುವುದುಂಟು. ಪುರಕ್ಕೆ ಸೇರಿದವನು ಪೌರ. ಈ ಒಳ್ಳೆಯ ಶಬ್ದ ಇಂದು ಜನರ ಬಾಯಲ್ಲಿ ಹೆಚ್ಚಾಗಿ ಉಳಿದಿರುವುದು ‘ಪೌರಕಾರ್ಮಿಕ’ ಎಂಬ ಸಮಾಸದಲ್ಲಿ. ನಸುಕಿನಲ್ಲಿ ಬೀದಿ ಗುಡಿಸುವವರು ಪೌರರೆಂಬ ಹೆಸರನ್ನು ಉಳಿಸಿಕೊಂಡಿದ್ದಾರೆ. ಗುಡಿಸಿದ ಬೀದಿಯಲ್ಲಿ ನಡೆಯುವ ನಾವು ಅದನ್ನು ಕಳೆದುಕೊಳ್ಳುತ್ತಿದ್ದೇವೆ. ಇನ್ನು ಪುರಪಿತೃ ಎಂಬ ಶಬ್ದ. 2015ರ ಚುನಾವಣೆಯಲ್ಲಿ ಅರ್ಧದಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲಾಗಿದ್ದವು. ಬರಿಯ ತಂದೆಯರೆಂದರೆ ಸಾಲದು. ಆದರೆ ಸಂಸ್ಕೃತ ವೈಯಾಕರಣರು ಇದಕ್ಕೆ ಮೊದಲೇ ದಾರಿ ಮಾಡಿದ್ದಾರೆ. ಏಕಶೇಷದಲ್ಲಿ ‘ಪಿತರೌ’ ಎಂದರೆ ತಾಯಿತಂದೆಗಳಿಬ್ಬರೂ. ಆ ಅರ್ಥದಲ್ಲಿ ಹಳೆಯ ಶಬ್ದವನ್ನು ಇಟ್ಟುಕೊಳ್ಳಲು ಅಡ್ಡಿಯಿಲ್ಲ.

ತಾಯಿತಂದೆಗಳಿಗೆ ಮನೆಯ ಬೀಗದಕೈ ಕೊಡಬೇಕು. ಕೊಟ್ಟ ಮೇಲೆ ಲೆಕ್ಕವನ್ನೂ ಕೇಳಬೇಕು. ತಮ್ಮ ವಾರ್ಡಿನ ಹೆಸರೇನು, ಅದರ ಸಮಿತಿ ಎಲ್ಲಿ ಸೇರುತ್ತದೆ, ಕಳೆದ ವರ್ಷ ಕೊಟ್ಟ ಕಂದಾಯದಿಂದ ಬೀದಿಗೆ ಏನಾಯಿತು ಎಂಬ ಮೂರು ಪ್ರಶ್ನೆಗಳನ್ನು ಪ್ರತಿ ಮನೆಯವರೂ ಕೇಳಿಕೊಳ್ಳಲಿ. 1862ರಲ್ಲಿ ಒಂಬತ್ತು ಮಂದಿ ಆರಂಭಿಸಿದ ಕೆಲಸ ಮುಂದುವರಿಯಲು ಅಷ್ಟಾದರೂ ಬೇಕು.