ಧಾತು ಬರದ ಲೆಕ್ಕ ಕೇಳಿದ ಪತ್ರಕರ್ತ

ತನಿಖಾ ಪತ್ರಕರ್ತ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ವೇಷ ಮರೆಸಿಕೊಂಡ ವರದಿಗಾರ, ಇಲ್ಲವೇ ಎಲ್ಲೋ ಅಡಗಿಸಿಟ್ಟ ಕ್ಯಾಮೆರಾ. ಈ ಪರಂಪರೆ ಹಳೆಯದು. 1866ರಲ್ಲಿ ಜೇಮ್ಸ್ ಗ್ರೀನ್‌ವುಡ್ ಹರಕು ಬಟ್ಟೆ ತೊಟ್ಟು ಲಂಡನ್ನಿನ ನಿರ್ಗತಿಕರ ಆಶ್ರಯಗೃಹವೊಂದರಲ್ಲಿ ಒಂದು ರಾತ್ರಿ ಕಳೆದು ಅಲ್ಲಿಯ ನರಕವನ್ನು ಪತ್ರಿಕೆಯಲ್ಲಿ ಬಿಚ್ಚಿಟ್ಟ. 1887ರಲ್ಲಿ ನೆಲ್ಲಿ ಬ್ಲೈ ಎಂಬ ದಿಟ್ಟ ಹೆಣ್ಣುಮಗಳು ಬುದ್ಧಿಭ್ರಮಣೆಯಾದವಳಂತೆ ನಟಿಸಿ ನ್ಯೂಯಾರ್ಕಿನ ಹುಚ್ಚಾಸ್ಪತ್ರೆಯಲ್ಲಿ ಹತ್ತು ದಿನ ಇದ್ದು ಬಂದಳು. 2001ರಲ್ಲಿ ತೆಹೆಲ್ಕಾದ ವರದಿಗಾರರು ಶಸ್ತ್ರಾಸ್ತ್ರ ಕಂಪನಿಯೊಂದರ ದಲ್ಲಾಳಿಗಳಾಗಿ ದಿಲ್ಲಿಯಲ್ಲಿ ಸುತ್ತಾಡಿದ್ದನ್ನು ನಾವೆಲ್ಲ ಟಿ.ವಿ.ಯಲ್ಲಿ ನೋಡಿದ್ದೇವೆ.

ಆದರೆ ವೇಷ ತೊಡುವುದು ಪತ್ರಕರ್ತ ಮಾತ್ರವಲ್ಲ. ಕೆಲವೊಮ್ಮೆ ಸರ್ಕಾರದ ಅಂಕಿ-ಅಂಶಗಳೇ ವೇಷ ತೊಟ್ಟಿರುತ್ತವೆ. ಆಗ ಪತ್ರಕರ್ತನ ಕೆಲಸ ಆ ವೇಷವನ್ನು ಕಳಚುವುದು. ಇಂಥ ಒಂದು ಪ್ರಸಂಗ ನಮ್ಮ ಬಳ್ಳಾರಿ ಸೀಮೆಯ ಚರಿತ್ರೆಯಲ್ಲೇ ಇದೆ.

ಇಂದು ಸಿರುಗುಪ್ಪ ಎಂದರೆ ಭತ್ತದ ಗದ್ದೆಗಳು. ಕುರುಗೋಡಿನ ಸುತ್ತಲೂ ಕಾಲುವೆಯ ನೀರು ಹರಿಯುತ್ತಿದೆ. ಇದು 1953ರಲ್ಲಿ ನೀರು ಬಿಟ್ಟ ತುಂಗಭದ್ರಾ ಅಣೆಕಟ್ಟಿನ ಕೊಡುಗೆ. ಅದಕ್ಕಿಂತ ಮುಂಚೆ ವಿಜಯನಗರದ ಕಾಲದ ಹಳೆಯ ಕಾಲುವೆಗಳಿದ್ದ ಸಿರುಗುಪ್ಪದ ನದಿದಂಡೆಯಂಥ ಕಡೆಗಳನ್ನು ಬಿಟ್ಟರೆ ಉಳಿದದ್ದೆಲ್ಲ ಮಳೆಯನ್ನೇ ನಂಬಿದ ಎರೆಭೂಮಿ. ಬೆಳೆಯುತ್ತಿದ್ದದ್ದು ಜೋಳ, ನವಣೆ, ಹತ್ತಿ. 1876ರಲ್ಲಿ ಮಳೆ ಕೈಕೊಟ್ಟಿತು. ಮರುವರ್ಷವೂ ಕಾಲಕ್ಕೆ ಸರಿಯಾಗಿ ಬರಲಿಲ್ಲ. ಧಾತು ಮತ್ತು ಈಶ್ವರ ಸಂವತ್ಸರಗಳಲ್ಲಿ ಬಂದದ್ದರಿಂದ ಹಿರಿಯರು ಅದನ್ನು ಧಾತು ಈಶ್ವರ ಬರ ಎಂದು ಕರೆದರು. ನಮ್ಮ ಮನೆಗಳ ಉರ್ದುವಿನಲ್ಲಿ ಬರಕ್ಕೆ ‘ಖಹತ್’ ಎನ್ನುತ್ತೇವೆ. ಹೆಸರು ಯಾವುದಾದರೇನು, ಹಸಿವಿಗೆ ಜಾತಿಯಿಲ್ಲ, ಭಾಷೆಯೂ ಇಲ್ಲ.

ಆಗ ಬಳ್ಳಾರಿ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ಬರದ ಹೊಡೆತಕ್ಕೆ ಮೊದಲು ಸಿಕ್ಕ ಜಿಲ್ಲೆಗಳಲ್ಲಿ ಅದೂ ಒಂದು. ಪ್ರಾಂತ್ಯದ ಸರ್ಕಾರ ಧಾನ್ಯ ತರಿಸಲು ಹೊರಟರೆ ಕಲ್ಕತ್ತದ ಮೇಲಿನ ಸರ್ಕಾರಕ್ಕೆ ಅದು ಹಿಡಿಸಲಿಲ್ಲ. ವ್ಯಾಪಾರದಲ್ಲಿ ಕೈಹಾಕಬಾರದು, ಖರ್ಚು ಹಿಡಿತದಲ್ಲಿರಬೇಕು ಎಂಬುದು ವೈಸ್‌ರಾಯ್ ಲಿಟ್ಟನ್ನರ ನೀತಿ. 1877ರ ಜನವರಿ 1ರಂದು ಅವರು ದಿಲ್ಲಿಯಲ್ಲಿ ವಿಕ್ಟೋರಿಯಾ ರಾಣಿಯನ್ನು ಚಕ್ರವರ್ತಿನಿಯೆಂದು ಸಾರುವ ಭಾರಿ ದರ್ಬಾರು ನಡೆಸಿದರು. ಅದೇ ತಿಂಗಳು ಖರ್ಚು ತಗ್ಗಿಸಲು ಸರ್ ರಿಚರ್ಡ್ ಟೆಂಪಲ್ ಮದ್ರಾಸಿಗೆ ಬಂದರು. 1874ರ ಬಿಹಾರದ ಬರದಲ್ಲಿ ಇದೇ ಟೆಂಪಲ್ ಬರ್ಮಾದಿಂದ ಅಕ್ಕಿ ತರಿಸಿ ಜನರನ್ನು ಉಳಿಸಿದ್ದರು. ಅತಿಯಾಗಿ ಖರ್ಚು ಮಾಡಿದರೆಂಬ ಟೀಕೆಗೂ ಗುರಿಯಾಗಿದ್ದರು. ಈ ಸಲ ಅವರು ಆ ಅಪವಾದವನ್ನು ತೊಳೆದುಕೊಳ್ಳಲು ಬಂದಂತಿತ್ತು. ಪರಿಹಾರ ಕಾಮಗಾರಿಯಲ್ಲಿ ಮಣ್ಣು ಹೊರುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ ಮತ್ತು ಒಂದಿಷ್ಟು ಚಿಲ್ಲರೆ ಕಾಸು ಸಾಕು ಎಂದರು. ಒಂದು ಪೌಂಡ್ ಎಂದರೆ ಇಂದಿನ ಅರ್ಧ ಕಿಲೋಗಿಂತಲೂ ಕಡಿಮೆ. ಜೈಲಿನ ಕೈದಿಗೂ ಇದಕ್ಕಿಂತ ಹೆಚ್ಚು ಸಿಗುತ್ತದಲ್ಲ ಎಂದು ಪ್ರಾಂತ್ಯದ ಆರೋಗ್ಯಾಧಿಕಾರಿ ಡಾ. ಕಾರ್ನಿಶ್ ಪ್ರತಿಭಟಿಸಿದರು. ಕೆಲವು ತಿಂಗಳ ನಂತರ ಕೂಲಿ ಏರಿತು. ಅಷ್ಟರಲ್ಲಿ ಎಷ್ಟೋ ಜನ ಮಣ್ಣಾಗಿದ್ದರು.

ಈ ಹೊತ್ತಿನಲ್ಲಿ ‘ಮದ್ರಾಸ್ ಟೈಮ್ಸ್’ ಪತ್ರಿಕೆಯ ಸಂಪಾದಕರಾಗಿದ್ದವರು ವಿಲಿಯಂ ಡಿಗ್ಬಿ. 1849ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿ, ಸಿಲೋನಿನಲ್ಲಿ ಪತ್ರಿಕಾವೃತ್ತಿ ನಡೆಸಿ, ಮದ್ರಾಸಿಗೆ ಬಂದವರು. ಆಗಿನ್ನೂ ಮೂವತ್ತು ತುಂಬಿರಲಿಲ್ಲ. 1877ರ ಆಗಸ್ಟ್‌ನಲ್ಲಿ ಮದ್ರಾಸಿನ ನಾಗರಿಕರು ಇಂಗ್ಲೆಂಡಿನ ಜನರಿಗೆ ನೇರವಾಗಿ ಮೊರೆಯಿಟ್ಟಾಗ, ಪರಿಹಾರ ನಿಧಿಯ ಕಾರ್ಯಕಾರಿ ಸಮಿತಿಗೆ ಡಿಗ್ಬಿ ಗೌರವ ಕಾರ್ಯದರ್ಶಿಯಾದರು. ಬ್ರಿಟನ್ನಿನಿಂದ ಹೆಚ್ಚೂಕಡಿಮೆ 7 ಲಕ್ಷ ಪೌಂಡ್ ಹಣ ಬಂತು. ಅದಕ್ಕಿಂತ ದೊಡ್ಡದಾದ ಇನ್ನೊಂದು ಸಂಪತ್ತೂ ಡಿಗ್ಬಿಯ ಮೇಜಿಗೆ ಬಂದು ಬಿತ್ತು: ಊರೂರುಗಳ ವರದಿಗಳು, ಅಧಿಕಾರಿಗಳ ಟಿಪ್ಪಣಿಗಳು, ಸರ್ಕಾರದ ಆದೇಶಗಳು.

ಡಿಗ್ಬಿ ವೇಷ ತೊಡಲಿಲ್ಲ, ಸುಳ್ಳು ಹೆಸರು ಹೇಳಲಿಲ್ಲ. ಆ ಕಾಗದಗಳನ್ನೇ ಜೋಡಿಸಿ 1878ರಲ್ಲಿ ದಕ್ಷಿಣ ಭಾರತದ ಬರದ ಬಗ್ಗೆ ಎರಡು ದೊಡ್ಡ ಸಂಪುಟಗಳನ್ನು ಪ್ರಕಟಿಸಿದರು. ಸರ್ಕಾರದ ಕಾಗದಗಳೇ ಸರ್ಕಾರದ ವಿರುದ್ಧ ಸಾಕ್ಷಿ ನುಡಿದವು. ಅವುಗಳಲ್ಲಿ ಮುಖ್ಯವಾದದ್ದು ಸಾವಿನ ಲೆಕ್ಕ. ದಫ್ತರಗಳಲ್ಲಿ ಹಸಿವಿನಿಂದ ಸತ್ತವರು ಕಡಿಮೆ. ಉಳಿದವರೆಲ್ಲ ಕಾಲರಾದಿಂದ, ಸಿಡುಬಿನಿಂದ, ಜ್ವರದಿಂದ, ರಕ್ತಭೇದಿಯಿಂದ ಸತ್ತವರು! ಅನ್ನವಿಲ್ಲದೆ ಬತ್ತಿದ ದೇಹಕ್ಕೆ ಕೊನೆಯಲ್ಲಿ ಯಾವ ರೋಗ ಬಂದರೇನು? ರೋಗದ ಹೆಸರು ಬರೆದಾಗ ಹಸಿವು ಮರೆಯಾಗುತ್ತದೆ. ಹಸಿವು ಮರೆಯಾದರೆ ಹೊಣೆಯೂ ಮರೆಯಾಗುತ್ತದೆ.

ಈ ವೇಷವನ್ನು ಕಳಚಿದ್ದು ಜನಗಣತಿ. 1871 ಮತ್ತು 1881ರ ಗಣತಿಗಳ ನಡುವೆ ಬಳ್ಳಾರಿ ಸೀಮೆಯ ಜನಸಂಖ್ಯೆ ಸುಮಾರು ಐದರಲ್ಲೊಂದು ಪಾಲು ಇಳಿದಿತ್ತು. ಪಕ್ಕದ ಮೈಸೂರು ಸಂಸ್ಥಾನದಲ್ಲಿ 50 ಲಕ್ಷಕ್ಕೂ ಹೆಚ್ಚಿದ್ದ ಜನ 42 ಲಕ್ಷಕ್ಕೂ ಕಡಿಮೆಯಾಗಿದ್ದರು. ಇಡೀ ದೇಶದಲ್ಲಿ ಈ ಬರ ಕನಿಷ್ಠ 50 ಲಕ್ಷ ಜನರನ್ನು ಬಲಿ ತೆಗೆದುಕೊಂಡಿತು. ಕೆಲವು ವಿದ್ವಾಂಸರ ಅಂದಾಜು 80 ಲಕ್ಷವನ್ನೂ ದಾಟುತ್ತದೆ.

ಡಿಗ್ಬಿಯನ್ನು ನಾವು ಸಂತನನ್ನಾಗಿ ಮಾಡಬೇಕಾಗಿಲ್ಲ. ಅವರು ಸಾಮ್ರಾಜ್ಯದ ವೈರಿಯಾಗಿರಲಿಲ್ಲ. ಬರ ಪರಿಹಾರದ ಸೇವೆಗಾಗಿ ಅದರಿಂದಲೇ ಬಿರುದು ಪಡೆದವರು. ಆದರೆ ಕಂಡದ್ದನ್ನು ಮರೆಯಲಿಲ್ಲ. ಇಂಗ್ಲೆಂಡಿಗೆ ಮರಳಿದ ಮೇಲೆ ಕಾಂಗ್ರೆಸ್ಸಿನ ಬ್ರಿಟಿಷ್ ಸಮಿತಿಯ ಕಾರ್ಯದರ್ಶಿಯಾದರು, ‘ಇಂಡಿಯಾ’ ಪತ್ರಿಕೆಯನ್ನು ಸಂಪಾದಿಸಿದರು. 1901ರಲ್ಲಿ ಭಾರತದ ಬಡತನದ ಲೆಕ್ಕವನ್ನು ಮತ್ತೊಂದು ಪುಸ್ತಕದಲ್ಲಿ ಮುಂದಿಟ್ಟರು. 1904ರಲ್ಲಿ ತೀರಿಕೊಂಡರು.

ಇಷ್ಟರಿಂದ ಆದ ಲಾಭವೇನು? ಈ ಬರದ ನಂತರ ನೇಮಕವಾದ ಆಯೋಗ 1880ರಲ್ಲಿ ವರದಿ ಕೊಟ್ಟಿತು. ಅದರಿಂದ ಬರ ಸಂಹಿತೆಗಳು ಹುಟ್ಟಿದವು. ಬರ ಬಂದಾಗ ಕೆಲಸ ಮತ್ತು ಕೂಳು ಕೊಡುವುದು ಸರ್ಕಾರದ ಹೊಣೆ ಎಂಬ ಮಾತು ಕಾಗದದ ಮೇಲಾದರೂ ಬಂತು. ಆದರೆ ಇನ್ನೊಂದು ಮುಖವೂ ಇದೆ. 1878ರ ಮಾರ್ಚ್‌ನಲ್ಲಿ, ಬರದ ಹೆಣಗಳು ಇನ್ನೂ ಬೀಳುತ್ತಿದ್ದಾಗಲೇ, ಲಿಟ್ಟನ್ ದೇಶಭಾಷಾ ಪತ್ರಿಕೆಗಳ ಕಾಯ್ದೆ ತಂದರು. ಇಂಗ್ಲಿಷ್ ಪತ್ರಿಕೆಗಳಿಗೆ ಆ ಕಾಯ್ದೆ ಅನ್ವಯಿಸಲಿಲ್ಲ. ಡಿಗ್ಬಿ ಇಂಗ್ಲಿಷಿನಲ್ಲಿ ಬರೆಯಬಹುದಿತ್ತು. ದೇಶಭಾಷೆಯಲ್ಲಿ ಬರೆಯುವವನ ತಲೆಯ ಮೇಲೆ ಮಾತ್ರ ಕತ್ತಿ ತೂಗಾಡುತ್ತಿತ್ತು. ಕುರುಗೋಡಿನ ರೈತ, ಸಿರುಗುಪ್ಪದ ಕೂಲಿಯಾಳು, ಬಳ್ಳಾರಿ ಪೇಟೆಯ ನೇಕಾರ ಆ ಸಂಪುಟಗಳಲ್ಲಿ ಸಂಖ್ಯೆಗಳಾಗಿದ್ದಾರೆ. ಅವರ ಸ್ವಂತ ದನಿ ಅಲ್ಲಿ ಕೇಳುವುದಿಲ್ಲ.

1943ರ ಬಂಗಾಳದ ಬರದಲ್ಲೂ ಸರ್ಕಾರ ಸತ್ಯವನ್ನು ಮುಚ್ಚಿಡಲು ನೋಡಿತು. ‘ಸ್ಟೇಟ್ಸ್‌ಮನ್’ ಸಂಪಾದಕ ಇಯಾನ್ ಸ್ಟೀಫನ್ಸ್ ಬೀದಿಹೆಣಗಳ ಚಿತ್ರಗಳನ್ನು ಅಚ್ಚು ಹಾಕಿದ ಮೇಲೆ ಜಗತ್ತು ಕಣ್ತೆರೆಯಿತು. ಪತ್ರಿಕೆಗಳು ಸ್ವತಂತ್ರವಾಗಿರುವ ಪ್ರಜಾಪ್ರಭುತ್ವದಲ್ಲಿ ದೊಡ್ಡ ಬರಗಾಲದ ಸಾವುಗಳು ಸಂಭವಿಸುವುದಿಲ್ಲ ಎಂದು ಅಮರ್ತ್ಯ ಸೇನ್ ಹೇಳಿದ್ದು ಈ ಅನುಭವದಿಂದಲೇ.

ದೊಡ್ಡ ಬರ ಈಗಿಲ್ಲ, ನಿಜ. ಆದರೆ 2017ರಲ್ಲಿ ಜಾರ್ಖಂಡಿನಲ್ಲಿ ಬಡ ಬಾಲಕಿಯೊಬ್ಬಳು ತೀರಿಕೊಂಡಳು. ಆಧಾರ್ ಜೋಡಣೆಯಾಗದೆ ಮನೆಯ ಪಡಿತರ ಚೀಟಿ ರದ್ದಾಗಿತ್ತು. ಮಗಳು ಅನ್ನ ಕೇಳುತ್ತಲೇ ಸತ್ತಳೆಂದು ತಾಯಿ ಹೇಳಿದಳು. ಮಲೇರಿಯಾ ಎಂದು ಅಧಿಕಾರಿಗಳು ಹೇಳಿದರು. 140 ವರ್ಷಗಳ ನಂತರವೂ ದಫ್ತರದ ಭಾಷೆ ಬದಲಾಗಿಲ್ಲ. ಈಗ ದೇಶಭಾಷಾ ಕಾಯ್ದೆಯೂ ಇಲ್ಲ. ತಾಯಿಯ ಮಾತನ್ನು ಅವಳ ಭಾಷೆಯಲ್ಲೇ ಕೇಳಿ, ಅಧಿಕಾರಿಯ ಕಾಗದದ ಪಕ್ಕದಲ್ಲಿಟ್ಟು ಬರೆಯುವ ಅವಕಾಶ ನಮಗಿದೆ. ಆ ಕೆಲಸಕ್ಕೆ ಗುಪ್ತ ಕ್ಯಾಮೆರಾ ಬೇಕಾಗಿಲ್ಲ.