ಮುಚ್ಚಿಕೊಳ್ಳುವ ಸೇತುವೆ

ಸೀಬೆಹಣ್ಣಿನ ಮೇಲೆ ಹರಿಯುವ ಇರುವೆ ಒಂದು ಬದಿಯಿಂದ ಇನ್ನೊಂದಕ್ಕೆ ಸುತ್ತಿಬಳಸಿ ಹೋಗಬೇಕು. ಒಳಗೆ ಕೊರೆದು ಸಾಗುವ ಹುಳುವಿಗೆ ದಾರಿ ಹತ್ತಿರ. ಆಕಾಶದಲ್ಲಿಯೂ ಇಂತಹ ಒಳದಾರಿಯುಂಟೆ? ಉಂಟಾದರೆ, ದಾಟುವವರೆಗೆ ಅದು ತೆರೆದಿದ್ದೀತೆ?

ಗುರುತ್ವವೆಂದರೆ ದೇಶಕಾಲದ ಬಾಗುವಿಕೆ ಎಂದು ಐನ್‌ಸ್ಟೈನರು 1915ರಲ್ಲಿ ತೋರಿಸಿಕೊಟ್ಟರಷ್ಟೆ. 1935ರಲ್ಲಿ ಪ್ರಿನ್ಸ್‌ಟನ್ನಿನಲ್ಲಿ ಅವರೂ ನೇಥನ್ ರೋಸನ್ನರೂ ಎರಡು ಹಾಳೆಗಳನ್ನು ಒಂದು ಕೊರಳಿನಿಂದ ಜೋಡಿಸಿದಂತಹ ಸೇತುವೆಯೊಂದನ್ನು ಗಣಿತದಲ್ಲಿ ವರ್ಣಿಸಿದರು. ಅವರ ಗುರಿ ಪ್ರಯಾಣವಲ್ಲ. ವಸ್ತುವಿನ ಕಣವೆಂದರೇನೆಂದು ವಿವರಿಸುವುದು. 1957ರಲ್ಲಿ ಚಾರ್ಲ್ಸ್ ಮಿಸ್ನರ್ ಮತ್ತು ಜಾನ್ ವೀಲರ್ ಇಂತಹ ದಾರಿಗೆ ‘ವರ್ಮ್‌ಹೋಲ್’, ಎಂದರೆ ಹುಳು ಕೊರೆದ ರಂಧ್ರ, ಎಂದು ಹೆಸರಿಟ್ಟರು.

1962ರಲ್ಲಿ ವೀಲರ್ ಮತ್ತು ರಾಬರ್ಟ್ ಫುಲ್ಲರ್ ಮಾಡಿದ ಲೆಕ್ಕ ನಿರಾಶೆ ತಂದಿತು. ಐನ್‌ಸ್ಟೈನ್-ರೋಸನ್ ಸೇತುವೆಯ ಕೊರಳು ಹಿಗ್ಗಿ, ಮತ್ತೆ ಕುಗ್ಗಿ ಕಡಿದುಹೋಗುತ್ತದೆ. ಬೆಳಕು ಕೂಡ ಆಚೆಯ ದಡ ಸೇರಲಾರದು. ಆದರೆ ಇದರಲ್ಲಿ ಒಂದು ರಕ್ಷಣೆಯೂ ಇದೆ. ಬೆಳಕನ್ನು ಮೀರಿಸುವ ಅಡ್ಡದಾರಿ ಇದ್ದುದಾದರೆ, ಕಾರಣಕ್ಕಿಂತ ಮೊದಲೇ ಕಾರ್ಯ ನಡೆಯುವ ವಿಪರೀತಕ್ಕೆ ಎಡೆಯಾಗುತ್ತಿತ್ತು. ಮಿಸ್ನರರ ಶಿಷ್ಯರಾಗಿದ್ದ ಬೆಂಗಳೂರಿನ ಸಿ. ವಿ. ವಿಶ್ವೇಶ್ವರ ಅವರು, ಕಪ್ಪುಕುಳಿಯ ಹೊರಭಾಗ ಸಣ್ಣ ಅಲುಗಾಟಗಳಿಗೆ ಕೆಡದೆಂದು 1970ರಲ್ಲಿ ತೋರಿಸಿದರು. ಹೊರಗೆ ಭದ್ರ, ಒಳಗಿನ ಕೊರಳು ಮಾತ್ರ ನಿಲ್ಲದು.

ಕಾದಂಬರಿ ಬರೆಯುತ್ತಿದ್ದ ಕಾರ್ಲ್ ಸಾಗನ್ನರು ಕೇಳಿದ ಪ್ರಶ್ನೆಯಿಂದ ವಿಷಯ ಮತ್ತೆ ಚಿಗುರಿತು. ಕೊರಳನ್ನು ತೆರೆದಿಡಲು ಋಣಶಕ್ತಿ ಬೇಕೆಂದು ಕಿಪ್ ಥಾರ್ನ್ ಮತ್ತು ಮೈಕೆಲ್ ಮಾರಿಸ್ 1988ರಲ್ಲಿ ಬರೆದರು. ಕಾರಣ ಸರಳ. ಕೂಡುತ್ತ ಒಳಹೊಕ್ಕ ಕಿರಣಗಳು ಅಗಲುತ್ತ ಹೊರಬರಬೇಕು. ಸಾಮಾನ್ಯ ವಸ್ತುವಿನ ಗುರುತ್ವವಾದರೋ ಅವನ್ನು ಕೂಡಿಸುತ್ತದೆಯೇ ಹೊರತು ಅಗಲಿಸದು. ಈ ಕೂಡಿಸುವಿಕೆಯ ಸಮೀಕರಣವನ್ನು 1955ರಲ್ಲಿ ಕೊಟ್ಟವರು ಕಲ್ಕತ್ತೆಯ ಅಮಲ್ ಕುಮಾರ್ ರಾಯ್‌ಚೌಧುರಿ. ಕ್ವಾಂಟಂ ನಿಯಮಗಳಾದರೂ ಅಲ್ಪಸ್ವಲ್ಪ ಋಣಶಕ್ತಿಗೆ ಅವಕಾಶ ಕೊಡುತ್ತವೆ. ಒತ್ತೊತ್ತಾಗಿಟ್ಟ ಎರಡು ಲೋಹದ ಫಲಕಗಳ ನಡುವೆ ಹಾಗಾಗುವುದು 1948ರ ಕಾಸಿಮಿರ್ ಲೆಕ್ಕದಿಂದ ತಿಳಿಯಿತು.

1997ರಲ್ಲಿ ಹುವಾನ್ ಮಾಲ್ಡಸೇನ ಹೊಸ ಕನ್ನಡಿಯೊಂದನ್ನು ಹಿಡಿದರು. ಒಂದು ಬಗೆಯ ದೇಶಕಾಲದೊಳಗಿನ ಗುರುತ್ವವೆಲ್ಲ ಅದರ ಅಂಚಿನಲ್ಲಿರುವ, ಗುರುತ್ವವಿಲ್ಲದ ಕ್ವಾಂಟಂ ವ್ಯವಸ್ಥೆಯಲ್ಲಿ ಬರೆದಂತಿದೆ ಎಂಬುದು ಅವರ ಊಹೆ. ಇದಕ್ಕೆ ಹಾಲೊಗ್ರಫಿ ಎನ್ನುತ್ತಾರೆ. 2013ರಲ್ಲಿ ಅವರೂ ಲೆನರ್ಡ್ ಸಸ್ಕಿಂಡರೂ, ಕ್ವಾಂಟಂ ಹೆಣಿಗೆಯೂ ಸೇತುವೆಯೂ ಒಂದೇ ಸಂಗತಿಯ ಎರಡು ಮುಖಗಳಿರಬಹುದೆಂದು ಸೂಚಿಸಿದರು. 2016ರಲ್ಲಿ ಗಾವೊ, ಜಾಫರಿಸ್ ಮತ್ತು ವಾಲ್ ಎಂಬ ಮೂವರು, ಎರಡು ಅಂಚುಗಳನ್ನು ನೇರವಾಗಿ ಬೆಸೆದರೆ ಋಣಶಕ್ತಿ ಹುಟ್ಟಿ, ಸೇತುವೆ ಕೊಂಚ ಹೊತ್ತು ದಾಟುವಂತಾಗುತ್ತದೆಂದು ಗಣಿತದಿಂದ ತೋರಿಸಿದರು.

ಆದರೆ ಆ ಬೆಸುಗೆ ಹೊರಗಿನಿಂದಲೇ ಆಗಬೇಕು. 2018ರಲ್ಲಿ ಮಾಲ್ಡಸೇನ, ಮಿಲೆಖಿನ್, ಪೋಪೊವ್ ನಮ್ಮ ನಾಲ್ಕು ಆಯಾಮಗಳಲ್ಲಿಯೇ ಕಟ್ಟಿದ ಸೇತುವೆಯೂ ಹೊರದಾರಿಗಿಂತ ದೂರದ್ದು. ವರ್ಮ್‌ಹೋಲನ್ನು ಈವರೆಗೆ ಯಾರೂ ಕಂಡಿಲ್ಲ. ಇಷ್ಟರಿಂದ ಹೊಳೆಯುವುದು ಇದು: ಪ್ರಕೃತಿ ದಾರಿಯನ್ನು ತೆರೆದಿಡಲು ಒಪ್ಪೀತು, ಆದರೆ ಕಾರ್ಯಕಾರಣವನ್ನು ಕೆಡಿಸುವ ಅಡ್ಡದಾರಿಗೆ ಒಪ್ಪುವಂತೆ ಕಾಣದು.